ಪಾಠದ ಪೆಟ್ಟಿಗೆಗೆ ಸಾಹೇಬರು ಬಂದರು

ನಮ್ಮ ಅತ್ತಿಗೆಗೆ ಕಂಪ್ಯೂಟರ್ ಬರುವುದಿಲ್ಲ. ಇದು ನನ್ನ ಮಾತಲ್ಲ, ಕಚೇರಿಯ ಕಡತದಲ್ಲಿ ಸಹಿ, ಮೊಹರಿನ ಸಮೇತ ಬರೆದಿದೆ. ‘ತಾಂತ್ರಿಕ ಜ್ಞಾನ: ಇಲ್ಲ.’ ಮೂವತ್ತೆಂಟು ಶಾಲೆಗಳಿಗೆ ಪಾಠ ಕೊಡುವ ಯಂತ್ರವನ್ನು ಒಂಬತ್ತು ವರ್ಷ ಬದುಕಿಸಿಟ್ಟ ಹೆಂಗಸಿನ ಬಗ್ಗೆ ಕಚೇರಿ ಬರೆದದ್ದು ಇಷ್ಟೇ. ಅದೇ ಕಚೇರಿ ನನ್ನನ್ನು ‘ವಿಷಯ ಪರಿಣತೆ’ ಎಂದು ಬರೆದುಕೊಂಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಅತ್ತಿಗೆಗೆ ನಾದಿನಿ. ನಾದಿನಿ ಹೇಳುವ ಕಥೆ ಎಂದು ನೀವು ಎಚ್ಚರಿಕೆಯಿಂದ ಕೇಳುವುದೇ ಒಳ್ಳೆಯದು.

ಅತ್ತಿಗೆ ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಗ್ರಂಥಾಲಯದ ಸಹಾಯಕಿ. ಓದಿದ್ದು ಹತ್ತನೇ ತರಗತಿ. ಕೇಂದ್ರ ಎಂದರೆ ಎರಡು ಕೋಣೆ, ಒಂದು ವರಾಂಡ, ಬಾಗಿಲು ಸರಿಯಾಗಿ ಮುಚ್ಚದ ನಾಲ್ಕು ಬೀರು. ಅತ್ತಿಗೆಯ ಕೆಲಸ ಬೀರುಗಳ ಧೂಳು ಒರೆಸುವುದು, ಪುಸ್ತಕ ಕೊಡುವುದು, ತಗೊಳ್ಳುವುದು. ಒಂಬತ್ತು ವರ್ಷದ ಹಿಂದೆ ಅಲ್ಲಿಗೆ ಒಂದು ಪೆಟ್ಟಿಗೆ ಬಂತು. ಶೂ ಡಬ್ಬಿಯಷ್ಟು ದೊಡ್ಡದು, ಎರಡು ಹಸಿರು ದೀಪ, ಒಳಗೊಂದು ಪುಟ್ಟ ಫ್ಯಾನು. ಇಂಟರ್ನೆಟ್ ಇಲ್ಲದ ಶಾಲೆಗಳಿಗೆ ಪಾಠ ಒದಗಿಸುವ ಪೆಟ್ಟಿಗೆ ಅದು. ಶಿಕ್ಷಕರು ತಾವೇ ಫೋನಿನಲ್ಲಿ ರೆಕಾರ್ಡ್ ಮಾಡಿದ ಪಾಠಗಳನ್ನು ಅದರಲ್ಲಿ ತುಂಬಬೇಕು, ಬೇಕಾದವರು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬೇಕು. ಪ್ರತಿ ಪಾಠದ ಮೊದಲಿಗೆ ಒಂದು ಸಾಲು ಬರುತ್ತಿತ್ತು: ‘ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಹಂಚಿ.’

ಪೆಟ್ಟಿಗೆ ಕೂರಿಸಲು ಮೂವರು ಎಂಜಿನಿಯರುಗಳು ಬಂದರು, ಊಟದ ಹೊತ್ತಿಗೆ ಹೋದರು. ಹೋಗುವಾಗ ಗೋಡೆಗೆ ಒಂದು ಫೋನ್ ನಂಬರ್ ಅಂಟಿಸಿ, “ಏನೇ ತೊಂದರೆ ಆದ್ರೂ ಇಪ್ಪತ್ನಾಲ್ಕು ಗಂಟೆ ನಾವಿದೀವಿ” ಎಂದರು. ಎಂಟನೇ ತಿಂಗಳು ತೊಂದರೆ ಆಯಿತು. ಅತ್ತಿಗೆ ಫೋನ್ ಮಾಡಿದರೆ, ಆ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಒಬ್ಬಳು ಬಹಳ ಇಂಪಾಗಿ ಹೇಳಿದಳು. ಅತ್ತಿಗೆ ಮತ್ತೆ ಮೂರು ದಿನ ಮಾಡಿದರು. ಮೂರೂ ದಿನ ಅವಳು ಅಷ್ಟೇ ಇಂಪಾಗಿ ಹೇಳಿದಳು. ನಾಲ್ಕನೇ ದಿನ ಅತ್ತಿಗೆ ಮನೆಯಿಂದ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಯ ಹೊಟ್ಟೆ ಬಿಚ್ಚಿದರು. ಒಳಗೆ ಇರುವೆಗಳು ಸಂಸಾರ ಹೂಡಿದ್ದವು.

ಅಂದಿನಿಂದ ಒಂದು ಉದ್ದನೆಯ ನೋಟ್‌ಬುಕ್ ಶುರುವಾಯಿತು. ಒಂದು ಕಡೆ ರೋಗ, ಇನ್ನೊಂದು ಕಡೆ ಮದ್ದು. ‘ಎರಡು ಸಲ ಕೂಗಿ ಸುಮ್ಮನಾಯಿತು. ವೈರ್ ಕಿತ್ತು, ಒರೆಸಿ, ಹಾಕಿದೆ. ಎದ್ದಿತು.’ ‘ಮೈ ಕಾದಿದೆ. ಕಿಟಕಿ ಪಕ್ಕ ಇಟ್ಟೆ. ಎದ್ದಿತು.’ ‘ಏನು ಮಾಡಿದರೂ ಏಳಲಿಲ್ಲ. ಬೈದೆ. ಎದ್ದಿತು.’ ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಅತ್ತಿಗೆಗೆ ಅದು ಗೊತ್ತಿತ್ತು. “ನಗಲಿ ಬಿಡೇ, ನಕ್ಕೋರು ನಾಳೆ ಪಾಠ ಕೇಳ್ಕೊಂಡು ಇಲ್ಲಿಗೇ ಬರ್ತಾರೆ” ಅನ್ನುತ್ತಿದ್ದರು. ಬರುತ್ತಲೂ ಇದ್ದರು.

ಇನ್ನು ನೆಟ್‌ವರ್ಕ್. ಅದು ಕೇಂದ್ರದ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪೂರ್ವದ ಮೂಲೆಯಲ್ಲಿ, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಸಿಗುತ್ತಿತ್ತು. ಮೋಡ ಇದ್ದರೆ ಅದೂ ಇಲ್ಲ. ಹಾಗಾಗಿ ಅತ್ತಿಗೆ ನಮ್ಮಣ್ಣನನ್ನು ನೆಟ್‌ವರ್ಕ್ ಮಾಡಿಕೊಂಡರು. ಅಣ್ಣ ಬಸ್ ಕಂಡಕ್ಟರ್. ಟಿಕೆಟ್ ಚೀಲದ ಪಕ್ಕದ ಜೇಬಿನಲ್ಲಿ ಪೆನ್‌ಡ್ರೈವ್‌ಗಳು ಹೋಗುತ್ತಿದ್ದವು, ಬರುತ್ತಿದ್ದವು. ಅವನ ಬಸ್ಸು ಹೋಗದ ದಾರಿಗೆ ಅವನ ಗೆಳೆಯರ ಬಸ್ಸುಗಳು. “ಮದುವೆ ಆಗೋವಾಗ ಹೆಂಡತಿ ಅಂದ್ಕೊಂಡೆ, ಇವಳು ಪೋಸ್ಟಾಫೀಸು” ಎಂದು ಅಣ್ಣ ಗೊಣಗುತ್ತಿದ್ದ. ಆದರೂ ಒಂದು ದಿನವೂ ಒಂದು ಪೆನ್‌ಡ್ರೈವ್ ಕಳೆದವನಲ್ಲ.

ಅತ್ತಿಗೆಯದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪಾಠ ತಗೊಂಡು ಹೋದವರು ಪೆನ್‌ಡ್ರೈವ್ ವಾಪಸ್ ತರುವಾಗ ಖಾಲಿ ತರುವಂತಿಲ್ಲ. ಪಾಠದಲ್ಲಿ ಏನು ತಪ್ಪಿತ್ತು, ಮಕ್ಕಳಿಗೆ ಎಲ್ಲಿ ಅರ್ಥವಾಗಲಿಲ್ಲ, ಯಾವ ಮಗು ಏನು ಕೇಳಿತು, ಏನಾದರೊಂದು ಸೇರಿಸಿ ತರಬೇಕು. ಒಬ್ಬ ಮೇಷ್ಟ್ರು ‘ಪಾಠ ತುಂಬಾ ಚೆನ್ನಾಗಿದೆ’ ಎಂದು ಬರೆದು ತಂದರು. ಅತ್ತಿಗೆ ಪೆನ್‌ಡ್ರೈವ್ ಅವರ ಕೈಗೇ ವಾಪಸ್ ಕೊಟ್ಟು, “ಚೆನ್ನಾಗಿರೋದು ಅಲ್ಲೇ ಇರಲಿ ಸರ್. ಚೆನ್ನಾಗಿಲ್ಲದ್ದು ಏನಿದೆ, ಅದನ್ನ ತನ್ನಿ” ಎಂದರು. ಮೇಷ್ಟ್ರು ಮುಖ ಊದಿಸಿಕೊಂಡು ಹೋದರು. ಮುಂದಿನ ವಾರ ಹನ್ನೊಂದು ತಪ್ಪು ಹುಡುಕಿಕೊಂಡು ಬಂದರು, ಅವುಗಳಲ್ಲಿ ಒಂಬತ್ತು ಅವರ ಸ್ವಂತ ಪಾಠದವು. ಭಿನ್ನರಾಶಿಯ ಒಂದೇ ಪಾಠ ಏಳು ಶಾಲೆ ಸುತ್ತಿ ಏಳು ರೂಪ ಪಡೆಯಿತು. ಎಲ್ಲವನ್ನೂ ಅತ್ತಿಗೆ ಕೂತು ಕೇಳುತ್ತಿದ್ದರು, ಪಟ್ಟಿ ಮಾಡುತ್ತಿದ್ದರು, ಪೆಟ್ಟಿಗೆಗೆ ಹಾಕುತ್ತಿದ್ದರು. ಹೀಗೆ ಒಂಬೈನೂರ ಹನ್ನೆರಡು ಪಾಠಗಳಾದವು.

ಅದರಲ್ಲಿ ನಲವತ್ತೊಂದು ನನ್ನವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನಾನು ರೇಷ್ಮೆ ಸೀರೆ ಉಟ್ಟು, ಸದ್ದಾಗಬಾರದೆಂದು ಫ್ಯಾನ್ ಆರಿಸಿ, ಬೆವರು ಸುರಿಸಿ ಮಾಡಿದ ಪಾಠಗಳು. ಕಂಡಕಂಡವರು ಕೈ ಹಾಕಿ ಕೆಡಿಸುವುದು ನನಗೆ ಬೇಕಿರಲಿಲ್ಲ. ಅವಕ್ಕೆ ಬೀಗ ಹಾಕಿಸಿದೆ. ಕೇಂದ್ರಕ್ಕೆ ಬಂದು ಪೆಟ್ಟಿಗೆಯಲ್ಲೇ ನೋಡಬಹುದು; ನಕಲು ಮಾಡುವಂತಿಲ್ಲ, ತಿದ್ದುವಂತಿಲ್ಲ.

“ಎಲ್ಲರದ್ದೂ ತೆರೆದಿರೋವಾಗ ನಿನ್ನದಕ್ಕೆ ಮಾತ್ರ ಯಾಕೇ ಬೀಗ?” ಎಂದರು ಅತ್ತಿಗೆ.

“ಎಲ್ಲರದ್ದೂ ನನ್ನದೂ ಒಂದೇನಾ ಅತ್ತಿಗೆ?”

ಆಮೇಲೆ ಯಾರಾದರೂ ನನ್ನ ಪಾಠ ನೋಡಿದರಾ ಎಂದು ನಾನು ಯಾವಾಗ ಕೇಳಿದರೂ ಅತ್ತಿಗೆ, “ನೋಡ್ತಾರೆ ಕಣೇ, ಬಂದು ಬಂದು ನೋಡ್ತಾರೆ” ಅನ್ನುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಒಂದೇ ಒಂದು ಭಯ ಅತ್ತಿಗೆಗೆ ಇತ್ತು. ಪೆಟ್ಟಿಗೆ ಒಂದೇ. ಅದು ಸತ್ತರೆ ಎಲ್ಲವೂ ಹೋಯಿತು. ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಒಂದು ಹಾರ್ಡ್‌ಡಿಸ್ಕ್ ಬೇಕು ಎಂದು ಮೂರು ಸಲ ಅರ್ಜಿ ಬರೆದರು. ಮೂರು ಸಲವೂ ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಅರ್ಜಿಗಳಿಗೆ ಮಾತ್ರ ಮೂರು ಮೂರು ಪ್ರತಿ ಇಟ್ಟುಕೊಳ್ಳುವ ಕಚೇರಿ ಅದು.

ಇಂಥ ಕಾಲದಲ್ಲಿ ಸುತ್ತೋಲೆ ಸಾಹೇಬರು ಬಂದರು. ಅವರಿಗೆ ಬೇರೆ ಹೆಸರೂ ಇದೆ, ಆದರೆ ದಿನಕ್ಕೊಂದು ಸುತ್ತೋಲೆ ಹೊರಡಿಸುವುದರಿಂದ ಶಿಕ್ಷಕರ ಬಾಯಲ್ಲಿ ಹೀಗೇ ನಿಂತಿದೆ. ಪ್ರಧಾನ ಕಚೇರಿಯಲ್ಲಿ ಹೊಸದಾಗಿ ಒಂದು ದೊಡ್ಡ ಪಾಠ ಭಂಡಾರ ಕಟ್ಟಿದ್ದರು. ಎಲ್ಲ ಕೇಂದ್ರಗಳ ಪೆಟ್ಟಿಗೆಗಳನ್ನೂ ಅದಕ್ಕೆ ಹೊಂದಿಸಬೇಕು. ಅದಕ್ಕೆ ಅವರಿಟ್ಟ ಹೆಸರು ‘ಸಮನ್ವಯ’. ಪರೀಕ್ಷೆಗೆ ಇಪ್ಪತ್ತಮೂರು ದಿನ ಇತ್ತು, ಮೂವತ್ತೆಂಟು ಶಾಲೆಯ ಮಕ್ಕಳು ಈ ಪಾಠಗಳಿಂದಲೇ ಪುನರಾವರ್ತನೆ ಮಾಡಬೇಕಿತ್ತು. ಅತ್ತಿಗೆ ಪರೀಕ್ಷೆ ಮುಗಿದ ಮೇಲೆ ಮಾಡೋಣ ಸರ್ ಎಂದು ಕೈಮುಗಿದು ಕೇಳಿದರು. ಸಾಹೇಬರು ಕೇಳಲಿಲ್ಲ, ಮರುದಿನವೇ ಭಂಡಾರದ ಉದ್ಘಾಟನೆಯಂತೆ. ನನ್ನನ್ನು ‘ವಿಷಯ ಪರಿಣತೆ’ ಎಂದು ಫೋಟೋಗೆ ಕರೆಸಿದ್ದರು. ನಾನು ಅದೇ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ.

ಸಾಹೇಬರು ತಮ್ಮದೇ ಲ್ಯಾಪ್‌ಟಾಪ್, ತಮ್ಮದೇ ನೆಟ್ ಡಬ್ಬಿ ತಂದಿದ್ದರು. ಪೆಟ್ಟಿಗೆಗೆ ವೈರ್ ಜೋಡಿಸಿದರು. ಪರದೆಯ ಮೇಲೆ ಎರಡು ಚೌಕ ಬಂದವು. ಒಂದು ‘ಪ್ರಧಾನ ಕಚೇರಿ’, ಇನ್ನೊಂದು ‘ಕೇಂದ್ರ’. ನಡುವೆ ಒಂದು ಬಾಣ. ಬಾಣವನ್ನು ಬೇಕಾದ ಕಡೆಗೆ ತಿರುಗಿಸಬಹುದು. ಬಾಣ ಹೊರಡುವ ಕಡೆ ಏನಿದೆಯೋ ಅದೇ ಇನ್ನೊಂದು ಕಡೆಯೂ ಆಗುತ್ತದೆ, ಅಷ್ಟೇ. ಸಾಹೇಬರು ಬಾಣವನ್ನು ಪ್ರಧಾನ ಕಚೇರಿಯಿಂದ ಕೇಂದ್ರದ ಕಡೆಗೆ ತಿರುಗಿಸಿದರು.

ಅತ್ತಿಗೆ ಬಗ್ಗಿ ನೋಡಿದರು. “ಸರ್, ಬಾಣ ಉಲ್ಟಾ ಇದೆ ಅಲ್ವಾ?”

“ಯಾಕಮ್ಮ ಉಲ್ಟಾ?”

“ಪಾಠ ಇರೋದು ಇಲ್ಲಿ. ಇಲ್ಲಿಂದ ಅಲ್ಲಿಗೆ ಹೋಗಬೇಕಲ್ವಾ?”

ಸಾಹೇಬರು ನಕ್ಕರು. “ನೋಡಮ್ಮ, ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬರುತ್ತೆ. ಇಪ್ಪತ್ತೆಂಟು ವರ್ಷದ ಸರ್ವಿಸಲ್ಲಿ ನಾನು ಕಂಡಿರೋದು ಅದೇ. ಕೆಳಗಿಂದ ಮೇಲಕ್ಕೆ ಏನಾದ್ರೂ ಹೋಗಬೇಕಾದ್ರೆ ಮುಖ್ಯಸ್ಥರ ಸಹಿ ಇರೋ ಪತ್ರ ಬೇಕು. ಪತ್ರ ಎಲ್ಲಿದೆ?”

“ಪತ್ರ ಇಲ್ಲ ಸರ್. ಆದ್ರೆ ಅಲ್ಲಿ ಭಂಡಾರ ಹೊಸದು ಅಂದ್ರಿ. ಹೊಸದು ಅಂದ್ಮೇಲೆ ಖಾಲಿ ಇರುತ್ತಲ್ವಾ?”

“ಪ್ರಧಾನ ಕಚೇರಿ ಕಣಮ್ಮ ಅದು! ಖಾಲಿ ಹೇಗಿರುತ್ತೆ?”

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. ಅತ್ತಿಗೆ ನನ್ನ ಮುಖ ನೋಡಿದರು. ನಾನು ಮಾತಾಡಿದ್ದರೆ ಸಾಹೇಬರು ಒಂದು ಗಳಿಗೆಯಾದರೂ ತಡೆಯುತ್ತಿದ್ದರು, ನಾನು ಪರಿಣತೆಯಲ್ಲವೇ? ನಾನು ಮಾತಾಡಿದೆ. “ಅತ್ತಿಗೆ, ಸುಮ್ನಿರಿ. ಅವರಿಗೆ ಗೊತ್ತಿರುತ್ತೆ” ಎಂದೆ. ಈ ಮಾತನ್ನು ನಾನು ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ಸಾಹೇಬರು ಒತ್ತಿದರು. ಒಂಬೈನೂರ ಹನ್ನೆರಡು ಪಾಠ ಮೇಲಕ್ಕೆ ಕಳಿಸುವುದಾಗಿದ್ದರೆ ನಮ್ಮ ನೆಟ್‌ವರ್ಕ್‌ಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಅಳಿಸುವುದಕ್ಕೆ ನೆಟ್‌ವರ್ಕ್ ಯಾಕೆ ಬೇಕು? ನಾಲ್ಕೇ ನಿಮಿಷ. ಪರದೆಯ ಮೇಲೆ ಬಂತು: ‘ಸಮನ್ವಯ ಯಶಸ್ವಿ. ಒಟ್ಟು ಪಾಠ: 0. ದೋಷ: 0.’ ಸಾಹೇಬರು ಸೊನ್ನೆ ದೋಷವನ್ನು ಮಾತ್ರ ಓದಿದರು. ಫೋಟೋ ತೆಗೆಸಿಕೊಂಡರು, ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. “ನೋಡಿದ್ರಾ? ಈಗ ಎರಡೂ ಕಡೆ ಒಂದೇ ಥರ ಇದೆ” ಎಂದರು. ಸುಳ್ಳಲ್ಲ. ಎರಡೂ ಕಡೆ ಒಂದೇ ಥರ ಇತ್ತು.

ಜೀಪು ಹೋದ ಮೇಲೆ ಅತ್ತಿಗೆ ಸ್ಟೂಲಿನ ಮೇಲೆ ಕೂತರು. ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. “ಇರುವೆ ತಿಂದಾಗ ಉಳಿಸ್ಕೊಂಡೆ. ಸಿಡಿಲು ಹೊಡೆದಾಗ ಉಳಿಸ್ಕೊಂಡೆ. ಹಾಳಾದವನು ಬೆರಳಲ್ಲಿ ಮುಗಿಸಿಬಿಟ್ಟನಲ್ಲೇ” ಎಂದರು. ಅತ್ತಿಗೆಯ ಬಾಯಲ್ಲಿ ದೊಡ್ಡ ಅಧಿಕಾರಿಗೆ ಏಕವಚನ ಬಂದದ್ದು ಅದೇ ಮೊದಲು. ಆಮೇಲೆ ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ರೋಗದ ಕಡೆ ‘ಸಾಹೇಬರು ಬಂದಿದ್ದರು’ ಎಂದು ಬರೆದರು. ಮದ್ದಿನ ಕಡೆ ಏನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣನ ಚೀಲದಲ್ಲಿ ಮೂವತ್ತೆಂಟು ಚೀಟಿಗಳು ಹೊರಟವು. ‘ಪೆಟ್ಟಿಗೆ ಖಾಲಿಯಾಗಿದೆ. ನಿಮ್ಮ ಹತ್ತಿರ ಯಾವ ಕಾಲದ್ದೇ ಇರಲಿ, ಯಾವ ಪಾಠವೇ ಇರಲಿ, ಕಳಿಸಿ. ತಿದ್ದಿದ್ದು, ಅರ್ಧ ಆದದ್ದು, ಎಲ್ಲವೂ ಬೇಕು.’ ನನಗೆ ನಂಬಿಕೆ ಇರಲಿಲ್ಲ. ನಮ್ಮ ಶಿಕ್ಷಕರನ್ನು ನಾನು ಬಲ್ಲೆ. ಹಾಜರಿ ಪುಸ್ತಕವನ್ನೇ ನೆಟ್ಟಗೆ ಇಡದವರು ಹಳೆಯ ಪಾಠ ಎಲ್ಲಿ ಇಟ್ಟಿರುತ್ತಾರೆ?

ಆದರೆ ಬಂದವು. ಲಕೋಟೆಯಲ್ಲಿ ಬಂದವು, ಬೆಂಕಿಪೊಟ್ಟಣದಲ್ಲಿ ಬಂದವು, ಕರ್ಚೀಫಿಗೆ ಗಂಟು ಹಾಕಿ ಬಂದವು. ಒಬ್ಬರು ಗಂಡನ ಫೋನನ್ನೇ ಕಿತ್ತು ಕಳಿಸಿದ್ದರು. ಪಾಠ ಅಳಿಸಿ ಜಾಗ ಮಾಡಿಕೊಳ್ಳುವಷ್ಟು ಶ್ರದ್ಧೆ ನಮ್ಮವರಲ್ಲಿ ಯಾರಿಗೂ ಇರಲಿಲ್ಲ, ಆ ಸೋಮಾರಿತನವೇ ಎಲ್ಲವನ್ನೂ ಕಾಪಾಡಿತ್ತು. ಭಿನ್ನರಾಶಿ ಏಳು ರೂಪದಲ್ಲಿ ಹೋಗಿತ್ತು, ಒಂಬತ್ತು ರೂಪದಲ್ಲಿ ವಾಪಸ್ ಬಂತು. ಅತ್ತಿಗೆ ಊಟ ಬಿಟ್ಟು ಒಂದೊಂದನ್ನೇ ಕೇಳಿ, ಗುರುತು ಹಚ್ಚಿ ಪೆಟ್ಟಿಗೆಗೆ ಏರಿಸಿದರು. ಹನ್ನೆರಡನೇ ದಿನಕ್ಕೆ ಎಂಟುನೂರು ದಾಟಿತು. ಶಾಲೆಗಳಿಗೆ ಪುನರಾವರ್ತನೆಯ ಪಾಠಗಳು ಹೊರಟವು. ಅತ್ತಿಗೆ ಆವತ್ತು ಜೋರಾಗಿ ನಕ್ಕಿದ್ದನ್ನು ವರಾಂಡದಿಂದಲೇ ಕೇಳಿದೆ.

ಈ ನಡುವೆ ಪ್ರಧಾನ ಕಚೇರಿಯಿಂದ ಸುತ್ತೋಲೆ ಬಂತು. ನಮ್ಮ ಕೇಂದ್ರದ ಸಮನ್ವಯ ಶೂನ್ಯ ದೋಷದೊಂದಿಗೆ ಮುಗಿದಿದ್ದು, ಇದೇ ಮಾದರಿಯನ್ನು ಉಳಿದ ಏಳು ಕೇಂದ್ರಗಳಲ್ಲೂ ಅನುಸರಿಸತಕ್ಕದ್ದು. ಅತ್ತಿಗೆ ಟ್ಯಾಂಕಿನ ಮೂಲೆಗೆ ಹತ್ತಿ ಏಳೂ ಕೇಂದ್ರಗಳಿಗೆ ಫೋನ್ ಮಾಡಿದರು. “ಸಾಹೇಬರು ಬರೋ ದಿನ ಪೆಟ್ಟಿಗೆ ಕೆಟ್ಟಿದೆ ಅಂತ ಹೇಳಿ. ಕೆಟ್ಟಿದೆ ಅಂದ್ರೆ ಅವರು ಹತ್ರ ಕೂಡ ಬರಲ್ಲ.” ಐದು ಕೇಂದ್ರದವರು ಕೇಳಿದರು. ಇಬ್ಬರು, ಅತ್ತಿಗೆಗೆ ತಾಂತ್ರಿಕ ಜ್ಞಾನ ಇಲ್ಲವೆಂದು, ಕೇಳಲಿಲ್ಲ.

ನಾನು ಮಾತ್ರ ದಿನಾ ಸಂಜೆ ಶಾಲೆ ಬಿಟ್ಟು ನೇರ ಕೇಂದ್ರಕ್ಕೆ ಹೋಗಿ ಪಟ್ಟಿ ನೋಡುತ್ತಿದ್ದೆ. ನನ್ನ ನಲವತ್ತೊಂದರಲ್ಲಿ ಒಂದೂ ಬಂದಿರಲಿಲ್ಲ. ಮನೆಯಲ್ಲೂ ಇರಲಿಲ್ಲ; ಪೆಟ್ಟಿಗೆ ಇದೆಯಲ್ಲ ಎಂದು ನಾನು ಹಳೆಯ ಫೋನನ್ನು ಎಂದೋ ಕೊಟ್ಟುಬಿಟ್ಟಿದ್ದೆ.

“ನಕಲು ಮಾಡೋ ಹಾಗಿಲ್ಲ ಅಂತ ನೀನೇ ಬೀಗ ಹಾಕಿದ್ದೆ. ಎಲ್ಲಿಂದ ಬರುತ್ತೆ?” ಎಂದರು ಅತ್ತಿಗೆ.

“ಅಷ್ಟು ಜನ ಬಂದು ನೋಡಿದಾರೆ ಅಂತಿದ್ರಲ್ಲ. ಯಾರಾದ್ರೂ ಬೀಗ ಒಡೆದಾದ್ರೂ ಕದ್ದಿರ್ತಾರೆ.” ಕಳ್ಳರಿಗಾಗಿ ಕಾಯುವ ಸ್ಥಿತಿ ನನ್ನದಾಗಿತ್ತು.

ಯಾರು ಯಾವ ಪಾಠ ನೋಡಿದರು ಎಂದು ಬರೆಯುವ ರಿಜಿಸ್ಟರ್ ಮೇಜಿನ ಮೇಲೆ ಇತ್ತು. ನಾನು ತೆರೆದೆ. ಅವರು ತಡೆಯಲು ಕೈ ಎತ್ತಿ, ಹಾಗೇ ಇಳಿಸಿದರು. ನನ್ನ ಪಾಠಗಳ ಪುಟದಲ್ಲಿ ಒಂಬತ್ತು ವರ್ಷಕ್ಕೆ ಎರಡು ಸಾಲು ಇದ್ದವು. ಒಂದರ ಮುಂದೆ ‘ಹತ್ತು ನಿಮಿಷಕ್ಕೆ ನಿದ್ದೆ ಹೋದರು’ ಎಂದು ಅತ್ತಿಗೆಯ ಕೈಬರಹ. ಇನ್ನೊಂದು ಬಸ್ಸಿನ ಕೊನೆಯ ನಿಲ್ದಾಣದ ಶಾಲೆಯ ಟೀಚರಮ್ಮನದು, ಚಂದ್ರನ ಪಾಠ, ನಾಲ್ಕು ವರ್ಷದ ಹಿಂದೆ.

“ಬಂದು ಬಂದು ನೋಡ್ತಾರೆ ಅಂದ್ರಿ?” ಎಂದು ಪುಟವನ್ನು ಅವರ ಕಡೆಗೆ ತಿರುಗಿಸಿದೆ.

“ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ. ಹೇಗೆ ಹೇಳಲಿ?” ಎಂದು ಅವರು ಒಂದು ಪೆನ್‌ಡ್ರೈವ್ ಎತ್ತಿಕೊಂಡರು. “ಆ ಟೀಚರಮ್ಮ ನಿನ್ನ ಪಾಠ ಇಲ್ಲೇ ಕೂತು ನೋಡಿ, ಬರ್ಕೊಂಡು ಹೋಗಿ, ತನ್ನ ಕ್ಲಾಸಲ್ಲಿ ತಾನೇ ಮಾಡಿ ಕಳಿಸಿದ್ಲು. ಅದು ಮೊನ್ನೆ ವಾಪಸ್ ಬಂತು. ನಿನ್ನದು ಅಂತ ಉಳಿದಿರೋದು ಅಷ್ಟೇ. ಕೇಳ್ತೀಯಾ?”

ಕೇಳಿದೆ. ಗದ್ದಲದ ತರಗತಿ, ಎಲ್ಲೋ ಬೆಂಚು ಎಳೆದ ಸದ್ದು. ಆ ಹೆಂಗಸು ನಿಧಾನವಾಗಿ ಹೇಳುತ್ತಿದ್ದಳು. “ಚಂದ್ರ ದಿನಾ ಸಣ್ಣಗಾಗೋದು ಅವನ ಮೇಲೆ ನಮ್ಮ ಭೂಮಿ ನೆರಳು ಬೀಳೋದಕ್ಕೆ ಅಂತ ಕೇಂದ್ರದ ಪಾಠದಲ್ಲಿ ಒಬ್ರು ಮೇಡಂ ಹೇಳಿದಾರೆ. ನಾನೂ ನಿಮಗೆ ಹಾಗೇ ಹೇಳಿದ್ದೆ. ಆಮೇಲೆ ಹಿಂದಿನ ಬೆಂಚಿನವಳು ಒಂದು ಪ್ರಶ್ನೆ ಕೇಳಿದ್ಲು, ನೆನಪಿದೆಯಾ? ಬೆಳಿಗ್ಗೆ ಶಾಲೆಗೆ ಬರೋವಾಗ ಆ ಕಡೆ ಸೂರ್ಯ ಇದ್ದ, ಈ ಕಡೆ ಅರ್ಧ ಚಂದ್ರ ಇದ್ದ, ಇಬ್ಬರೂ ಕಾಣ್ತಿದ್ರು, ಮಧ್ಯೆ ನಮ್ಮ ನೆರಳು ಹೇಗೆ ಹೋಯ್ತು ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಚೆಂಡು, ಟಾರ್ಚು ತಗೊಂಡು ಎಲ್ಲರೂ ಮಾಡಿ ನೋಡಿದ್ವಿ. ನೆರಳಲ್ಲ ಮಕ್ಕಳೇ. ಬೆಳಕು ಬಿದ್ದ ಅರ್ಧ ಯಾವಾಗ್ಲೂ ಇರುತ್ತೆ, ಅದರಲ್ಲಿ ನಮಗೆ ಕಾಣೋ ಪಾಲು ಮಾತ್ರ ಹೆಚ್ಚುಕಡಿಮೆ ಆಗುತ್ತೆ. ಆ ಮೇಡಂನ ನೋಡಿ ನಗಬೇಡಿ. ಪಾಪ, ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.”

ಆ ಮೇಡಂ ನಾನೇ. ಈ ಪಾಠವನ್ನು ನಾನು ಪೆಟ್ಟಿಗೆಗೆ ಮಾತ್ರವಲ್ಲ, ವರ್ಷಾ ವರ್ಷಾ ನನ್ನ ತರಗತಿಗೂ ಹೇಳಿದ್ದೆ. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಊರವರ ತಟ್ಟೆಯ ನೊಣ ಓಡಿಸುತ್ತಿದ್ದೆ. ಆ ಮಕ್ಕಳಲ್ಲಿ ಎಷ್ಟೋ ಜನ ಈಗ ಎಲ್ಲೆಲ್ಲೋ ಇದ್ದಾರೆ. ಇಬ್ಬರು ಟೀಚರೇ ಆಗಿದ್ದಾರೆ. ಅವರನ್ನು ಹಿಡಿದು ತಿದ್ದುವುದು ಎಲ್ಲಿಂದ?

“ನಿಮಗೆ ಗೊತ್ತಿತ್ತಾ ಅತ್ತಿಗೆ?”

“ನಾಲ್ಕು ವರ್ಷದಿಂದ.”

“ಮತ್ತೆ ಯಾಕೆ ಹೇಳಲಿಲ್ಲ?” ಎಂದು ಕೂಗಿದೆ.

“ಹೇಳೋಕೆ ನೀನು ಜಾಗ ಎಲ್ಲಿ ಬಿಟ್ಟಿದ್ದೆ?” ಎಂದರು. ಅವರ ದನಿ ಏರಲಿಲ್ಲ. ಏರಿದ್ದರೆ ನಾನು ಜಗಳವಾದರೂ ಆಡಿ ಬಚಾವಾಗುತ್ತಿದ್ದೆ.

ಮೂರು ದಿನ ನಾನು ಕೇಂದ್ರದ ಕಡೆ ಹೋಗಲಿಲ್ಲ. ಸಿಟ್ಟು, ನಾಚಿಕೆ ಎರಡೂ ಇದ್ದವು, ಯಾವುದು ಹೆಚ್ಚು ಎಂದು ಅಳೆಯಲು ಹೋಗಲಿಲ್ಲ. ನಾಲ್ಕನೇ ದಿನ ನನ್ನ ತರಗತಿಯ ಮಕ್ಕಳಿಗೆ ಚಂದ್ರನ ಬಗ್ಗೆ ನಾನು ಹೇಳಿದ್ದು ತಪ್ಪು ಎಂದು ಹೇಳಿ, ಚೆಂಡು, ಟಾರ್ಚು ಹಿಡಿದು ಮತ್ತೆ ಮಾಡಿಸಿದೆ. ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೆ ಹೋದೆ. ನನ್ನ ನಲವತ್ತೊಂದು ಪಾಠಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ.

“ಅತ್ತಿಗೆ, ಎಲ್ಲ ಪಾಠ ಕೇಳಿರೋರು ನೀವೊಬ್ಬರೇ. ಇವನ್ನ ಮತ್ತೆ ಮಾಡ್ತೀನಿ, ಬೀಗ ಇಲ್ಲದೆ. ಚಂದ್ರ ಬಿಟ್ಟು ಬೇರೆ ಎಲ್ಲಾದ್ರೂ ತಪ್ಪಿತ್ತಾ?”

ಅತ್ತಿಗೆ ಹಾಳೆ ತಗೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಸ್ಟೂಲನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು.

“ಕೂತ್ಕೋ” ಎಂದರು. “ಹೊತ್ತು ಹಿಡಿಯುತ್ತೆ.”